ಮತ್ತೆ ಎದ್ದ ರಾಣಿ

ಗಡಿಯಾರ ರಿಪೇರಿಯ ಮುಳ್ಳಪ್ಪ ನಿದ್ದೆಯಲ್ಲೇ ಹೋಗಿಬಿಟ್ಟ ಎಂಬ ಸುದ್ದಿ ಬಂದಾಗ, ಎದುರಂಗಡಿಯ ರಟ್ಟಪ್ಪ ಹಳೆಯ ನಿಘಂಟೊಂದರ ಬೆನ್ನಿಗೆ ಅಂಟು ಬಳಿಯುತ್ತಿದ್ದ. "ಅಯ್ಯೋ, ಈ ಸಲ ನಾನು ಗೆಲ್ಲೋದ್ರಲ್ಲಿದ್ದೆನಲ್ಲೋ!" ಎಂದು ಬಾಯಿ ತಪ್ಪಿ ಅಂದು, ಕೂಡಲೇ ನಾಲಿಗೆ ಕಚ್ಚಿಕೊಂಡು, ಅಂಟು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ. ಆ ದಿನ ಅವನು ಗೆಳೆಯನಿಗಾಗಿ ಸುರಿಸಿದ ಕಣ್ಣೀರೆಷ್ಟು, ಅಂಟಿನ ಉರಿಗೆ ಸುರಿಸಿದ್ದೆಷ್ಟು ಎಂಬುದು ಯಾರಿಗೂ ತಿಳಿಯಲಿಲ್ಲ.

ಪುಸ್ತಕಕ್ಕೆ ರಟ್ಟು ಕಟ್ಟುವವನು ರಟ್ಟಪ್ಪ, ಗಡಿಯಾರದ ಮುಳ್ಳು ತಿರುಗಿಸುವವನು ಮುಳ್ಳಪ್ಪ. ಈ ಹೆಸರುಗಳನ್ನು ಒಬ್ಬರಿಗೊಬ್ಬರು ಅವರೇ ಇಟ್ಟುಕೊಂಡಿದ್ದರು. ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಮುಳ್ಳಪ್ಪನ ಕಂಪ್ಯೂಟರಿನ ಮುಂದೆ ಕೂತು ಇಬ್ಬರೂ ಚದುರಂಗ ಆಡುತ್ತಿದ್ದರು. ಗೆಲ್ಲುತ್ತಿದ್ದವನು ಯಾವಾಗಲೂ ಮುಳ್ಳಪ್ಪನೇ.

ಕೆಲವು ದಿನ ಕಳೆದ ಮೇಲೆ ಮುಳ್ಳಪ್ಪನ ಮಗಳು ಅಂಗಡಿಯ ಬಾಗಿಲು ತೆರೆದು ರಟ್ಟಪ್ಪನನ್ನು ಕರೆದಳು. ಅಪ್ಪನ ಕಸುಬು ಇನ್ನು ಅವಳದೇ.

"ಬನ್ನಿ ಮಾಮ. ಅಪ್ಪನ ಪ್ರೋಗ್ರಾಮುಗಳು, ಈ ಚದುರಂಗ, ಎಲ್ಲಾ ಹಳೇ ಸಿಸ್ಟಮ್‌ನಲ್ಲಿ ಮಾತ್ರ ಓಡೋವು. ಅದಕ್ಕೇ ಹೊಸ ಕಂಪ್ಯೂಟರ್ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಅನ್ನೋ ಹಾಗೆ ಮಾಡಿ, ಹಳೇದನ್ನ ಅದರಲ್ಲಿ ಕೂರಿಸಿ ಕೊಟ್ಟಿದ್ದೆ. ವರ್ಚುವಲ್ ಮಷೀನ್ ಅಂತಾರೆ. ನನಗೀಗ ಅದು ಬೇಡ, ತೆಗೀತೀನಿ. ನಿಮ್ಮಾಟ ಅರ್ಧಕ್ಕೆ ನಿಂತಿದೆ, ಒಂದ್ಸಲ ನೋಡ್ಬಿಡಿ."

ಪರದೆಯ ಮೇಲೆ ಹೊಸದರ ನಡುವೆ ಹಳೆಯದೊಂದು ಕಿಟಕಿ ತೆರೆದುಕೊಂಡು, ಚದುರಂಗದ ಮಣೆ ಮೂಡಿತು. ರಟ್ಟಪ್ಪ ಕನ್ನಡಕ ಮೇಲೇರಿಸಿ ನೋಡಿದ. ಅವನ ಮುಖ ಇಳಿದುಹೋಯಿತು.

"ನಿಮ್ಮಪ್ಪನ ರಾಣೀನ ಹೊಡೆದಿದ್ದೆ ಅನ್ಕೊಂಡಿದ್ದೆ. ನೋಡು, ಕಲ್ಲುಗುಂಡಿನ ಹಾಗೆ ನಿಂತಿದಾಳೆ."

"ಹೊಡೆದಿದ್ರಾ?"

"ಏನೋಮ್ಮ. ಗಿರಾಕಿ ಕರೆದ ಅಂತ ಎದ್ದು ಹೋಗಿ ಬರೋದ್ರೊಳಗೆ, ಹೊಡೆದ ಕಾಯಿ ಎದ್ದು ನಿಂತಿರ್ತಿತ್ತು. ಕೇಳಿದ್ರೆ, 'ನೀನೆಲ್ಲಿ ಹೊಡೆದೆಯೋ, ಅರಳುಮರಳು ನಿನಗೆ' ಅಂತಿದ್ದ. ನಿಜ ಇರ್ಬೇಕು ಅಂತ ಹೊಸ ಕೆಲಸ ಹಿಡಿಯೋದೇ ಬಿಟ್ಟೆ. ಯಾರದೋ ಪುಸ್ತಕದ ಪುಟಗಳನ್ನ ಹಿಂದುಮುಂದು ಹೊಲಿದುಬಿಟ್ರೆ? ಕೈಯಲ್ಲಿರೋದು ಮುಗಿದ್ರೆ ಅಂಗಡಿಗೆ ಬೀಗ."

"ಅಪ್ಪಂಗೆ ಹೇಳಿದ್ರಾ ಇದನ್ನ?"

"ಹೇಳಿದ್ರೆ ಬೀದಿಗೆಲ್ಲ ಡಂಗುರ ಸಾರಿರ್ತಿದ್ದ. ಬಾಯಿ ಬಿಡಲಿಲ್ಲ."

ಮಗಳು ಹಳೆಯ ಕಿಟಕಿಯ ಅಂಚಿನಲ್ಲಿ ಏನನ್ನೋ ಒತ್ತಿದಳು. ಆಮೇಲೆ, "ಆ ರಾಣೀನ ಈಗ ಹೊಡೀರಿ" ಎಂದಳು. ರಟ್ಟಪ್ಪ ತನ್ನ ಆನೆಯನ್ನು ನಡೆಸಿ ಹೊಡೆದ. ರಾಣಿ ಮಾಯವಾದಳು. "ಈಗ ಗೋಡೆ ಕಡೆ ತಿರುಗಿ." ತಿರುಗಿದ. ಬೆನ್ನ ಹಿಂದೆ ಮೌಸ್ ಟಕ್ ಎಂದಿತು. "ಇತ್ತ ನೋಡಿ." ನೋಡಿದರೆ, ರಾಣಿ ತನ್ನ ಮನೆಯಲ್ಲಿ ಠಾಕುಠೀಕಾಗಿ ನಿಂತಿದ್ದಳು!

"ಅರೆ, ಈಗ ತಾನೆ ಹೊಡೆದೆನಲ್ಲೇ!"

"ಹೊಡೆದ್ರಿ ಮಾಮ, ನಾನೇ ಸಾಕ್ಷಿ" ಎಂದು ಅವಳು ನಗು ತಡೆಯಲಾರದೆ ಮೇಜು ಹಿಡಿದುಕೊಂಡಳು. "ಒಳಗಿನ ಈ ಕಂಪ್ಯೂಟರನ್ನ ಇದ್ದದ್ದು ಇದ್ದ ಹಾಗೇ ಉಳಿಸಿಡಬಹುದು. ಬೇಕಾದಾಗ ವಾಪಸ್ ಅಲ್ಲಿಗೇ ಹೋದ್ರೆ, ಆಮೇಲೆ ಆಗಿದ್ದೆಲ್ಲ ಅಳಿಸಿಹೋಗುತ್ತೆ. ಕೆಲಸ ಕೆಟ್ರೆ ಇರಲಿ ಅಂತ ಅಪ್ಪಂಗೆ ಹೇಳಿಕೊಟ್ಟಿದ್ದೆ. ಅವರು ಆಟ ಕೆಟ್ಟಾಗೆಲ್ಲ ಇದೇ ಮಾಡಿದಾರೆ."

ಎಷ್ಟು ರಾಣಿಯರು, ಎಷ್ಟು ಕುದುರೆಗಳು ಸತ್ತು ಬದುಕಿದ್ದವೋ, ಅವೆಲ್ಲ ಒಂದೊಂದಾಗಿ ರಟ್ಟಪ್ಪನ ಕಣ್ಣ ಮುಂದೆ ಬಂದವು. ಒಂದನ್ನೂ ಅವನು ಮರೆತಿರಲಿಲ್ಲ.

"ಕಳ್ಳ! ಭಡವ! ಸಂಭಾವಿತನ ಹಾಗೆ ಮೂಗಿನ ತುದಿಗೆ ಕನ್ನಡಕ ಇಟ್ಕೊಂಡು ಕೂತಿರ್ತಿದ್ದನಲ್ಲೇ!" ಎಂದು ಬೈಯತೊಡಗಿದವನು, ಬೈಯುತ್ತಲೇ ನಕ್ಕ. ನಗುತ್ತ ನಗುತ್ತ ಕೆಮ್ಮು ಹತ್ತಿತು.

ಮಗಳು ನೀರು ಕೊಟ್ಟಳು. ಅವನು ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟು, ಮುಳ್ಳಪ್ಪನ ಖಾಲಿ ಕುರ್ಚಿಯ ಮುಂದೆ ನಿಂತು, ಕಣ್ಣು ಮುಚ್ಚಿ ಕೈ ಮುಗಿದ.

"ದೇವರೇ, ಇವನ ಆತ್ಮಕ್ಕೆ ಶಾಂತಿ ಕೊಡು. ಇವನು ಮಾಡಿದ್ದನ್ನೆಲ್ಲ ದೊಡ್ಡ ಮನಸ್ಸು ಮಾಡಿ ನೀನೇ ಮರೆತುಬಿಡು, ತಂದೆ. ನನ್ನ ಕೈಲಿ ಆಗಲ್ಲ. ನನ್ನ ನೆನಪು ಗಟ್ಟಿಯಾಗಿದೆ."