ಸದಾನಂದಯ್ಯನವರನ್ನು ಕೇಳುವ ರೀತಿ

ನೀರು ಸರಬರಾಜು ಕಚೇರಿಯ ಕಂಪ್ಯೂಟರಿನಲ್ಲಿ ಹುಡುಕಿದರೆ ಕಡತಗಳಷ್ಟೇ ಅಲ್ಲ, ತೀರಿಕೊಂಡ ನೌಕರರ ನೆನಪುಗಳೂ ಸಿಗುತ್ತಿದ್ದವು. ಹೆರಿಗೆ ಆಸ್ಪತ್ರೆಗೆ ಬೆಳಗಿನಿಂದ ನೀರಿರಲಿಲ್ಲ. ಅಲ್ಲಿಗೆ ನೀರು ಬಿಡುವ ಹಳೆಯ ವಾಲ್ವ್ ಎಲ್ಲಿದೆಯೆಂದು ಹೊಸ ಗುಮಾಸ್ತೆ ಸುಗುಣ ಎಷ್ಟು ಸಲ ಕೇಳಿದರೂ "ಮಾಹಿತಿ ಇಲ್ಲ" ಎಂದೇ ಬರುತ್ತಿತ್ತು.

"ಅದು ಗೊತ್ತಿದ್ದದ್ದು ನಮ್ಮ ಹಳೇ ಎಂಜಿನಿಯರ್ ಸದಾನಂದಯ್ಯನವರಿಗೆ ಮಾತ್ರ. ಹೀಗೆ ಹುಕುಂ ಮಾಡಿದ್ರೆ ಬದುಕಿದ್ದಾಗಲೂ ಹೇಳ್ತಿರಲಿಲ್ಲ. ಹೆಸರು ಹಾಕಿ, ಮರ್ಯಾದೆಯಿಂದ ಕೇಳಮ್ಮ," ಎಂದರು ಹಿರಿಯ ಗುಮಾಸ್ತೆ ಫಿಲೋಮಿನಾ.

ಸುಗುಣ ಬರೆದಳು: "ಸದಾನಂದಯ್ಯ ಸರ್, ಊಟ ಆಯ್ತಾ? ಆಸ್ಪತ್ರೆಯ ವಾಲ್ವ್ ಎಲ್ಲಿದೆ ಸರ್?"

ಪರದೆಯ ಮೇಲೆ ಉತ್ತರ ಮೂಡಿತು: "ಇನ್ನೂ ಇಲ್ಲಮ್ಮ. ವಾಲ್ವ್ ಹಿಂದಿನ ಗೇಟಿನಿಂದ ಎಂಟು ಹೆಜ್ಜೆ, ಚಪ್ಪಡಿಯ ಕೆಳಗಿದೆ."

ಅವಳು ಕೆಲಸಗಾರರಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ನೀರು ಹರಿಯಿತು. ಥ್ಯಾಂಕ್ಸ್ ಹೇಳೋಣವೆಂದು ತಿರುಗಿದರೆ ಪರದೆಯ ಮೇಲೆ ಇನ್ನೊಂದು ಸಾಲು ಕಾದಿತ್ತು: "ಇಲ್ಲಿ ತುಂಬ ಕತ್ತಲಮ್ಮ. ಕರೆಂಟು ಯಾವಾಗ ಬರುತ್ತೆ?"

ಫಿಲೋಮಿನಾ ಮುಖ ತಿರುಗಿಸಿಕೊಂಡರು. ಸುಗುಣ "ಈಗ ಬರುತ್ತೆ ಸರ್" ಎಂದು ಬರೆದಳು.