ಬೆನ್ನಿನ ಬೆಳಕು

ಮನುಷ್ಯರ ಬೆನ್ನುಮೂಳೆ ಹೊಳೆಯತೊಡಗಿ ಒಂದು ತಲೆಮಾರು ಕಳೆದಿತ್ತು. ಮೈಗೆ ಮೀರಿದ ಭಾರ ಹೊತ್ತರೆ ಅಂಗಿಯ ಒಳಗಿಂದ ನೀಲಿ ಬೆಳಕು ಕಾಣುತ್ತಿತ್ತು. ಅದು ಬೆಳ್ಳಗಾದರೆ ಮೂಳೆ ಮುರಿಯುವ ಹೊತ್ತು ಬಂತೆಂದೇ ಅರ್ಥ. ದುಡಿಯುವವರ ಬೆನ್ನಿನ ಈ ಬೆಳಕನ್ನು ಅಳೆಯುವುದು ಸಂಶೋಧನಾ ಸಹಾಯಕಿ ಶಾಹೀನಾಳ ಕೆಲಸ.

ಒಂದು ಮಧ್ಯಾಹ್ನ ಅವಳು ರಾಯಚೂರಿನ ಹತ್ತಿ ಗೋದಾಮಿನಲ್ಲಿ ಹಮಾಲರ ಬೆನ್ನಿಗೆ ಮೀಟರು ಹಿಡಿದಿದ್ದಾಗ, ಗೋದಾಮಿನ ದೊಡ್ಡ ಕಬ್ಬಿಣದ ಬಾಗಿಲು ಕಳಚಿ, ಅವರಲ್ಲೇ ಒಬ್ಬನಾದ ಮುದುಕ ಮೌಲಾಲಿಯ ಮೇಲೆ ಬಿತ್ತು. ಹಮಾಲರು ಓಡಿಹೋಗಿ ಅದನ್ನು ಎತ್ತಿ ಹಿಡಿದರು. ಒಂದು ಗೇಣು ಮೇಲೆದ್ದ ಬಾಗಿಲು ಅಲ್ಲೇ ನಿಂತಿತು. ಅವರ ಬೆನ್ನುಗಳು ಬೆಳ್ಳಗಾಗತೊಡಗಿದವು.

“ಬಿಡ್ರಿ! ಬೆನ್ನು ಮುರೀತಾವ!” ಎಂದು ಶಾಹೀನಾ ಕೂಗಿದಳು.

“ಬಿಟ್ರ ಮುದುಕ ಸಾಯ್ತಾನಕ್ಕಾ!” ಎಂದ, ಮುಂದೆ ನಿಂತಿದ್ದ ಹಮಾಲ ಹುಲಿಗೆಪ್ಪ.

ಅವಳು ಮೀಟರು ಬಿಸಾಕಿ ಬಾಗಿಲಿಗೆ ಹೆಗಲು ಕೊಟ್ಟಳು.

“ಅಕ್ಕಾ, ನಿಮ್ ಬೆನ್ನೂ ಹೊಳೀತೈತಿ!”

“ಹೊಳೀಲಿ, ಎತ್ತು!”

ಲಾರಿ ಚಾಲಕರು ಬಂದರು. ಚಹಾ ಮಾರುವಾಕೆ ಬಂದಳು, ಗುಮಾಸ್ತನೂ ಬಂದ. ಒಂದೊಂದು ಹೆಗಲು ಸೇರಿದಂತೆ ಬೆಳಕು ಬೆನ್ನಿಂದ ಬೆನ್ನಿಗೆ ಹರಿಯಿತು. ಬಿಳಿ ನೀಲಿಯಾಯಿತು, ನೀಲಿ ತಿಳಿಯಾಯಿತು, ಕೊನೆಗೆ ಎಲ್ಲ ಬೆನ್ನುಗಳೂ ಒಟ್ಟಿಗೆ ಆರಿದವು. ಬಾಗಿಲು ಸೊಂಟದೆತ್ತರಕ್ಕೆ ಬಂದಿತ್ತು. ಇಷ್ಟು ವರ್ಷ ಒಬ್ಬೊಬ್ಬರನ್ನೇ ಅಳೆದಿದ್ದ ಶಾಹೀನಾ ಇಂಥದ್ದನ್ನು ಎಂದೂ ಕಂಡಿರಲಿಲ್ಲ.

ಮೌಲಾಲಿಯನ್ನು ಜೀವಂತವಾಗಿ ಹೊರಗೆಳೆದರು. ಆಮೇಲೂ ಸ್ವಲ್ಪ ಹೊತ್ತು, ಬಾಗಿಲನ್ನು ಕೆಳಗಿಡಲು ಯಾರಿಗೂ ಮನಸ್ಸಾಗಲಿಲ್ಲ.