ಆಪ್ತರ ನಂಬರು

ಪರದೆಯ ಮೇಲೆ ಕೆಂಪು ಪಟ್ಟಿ ಮಿನುಗಿದ್ದೇ ತಡ, ಗೀತಾಂಜಲಿ ಕುರ್ಚಿ ಬಿಟ್ಟು ಎದ್ದಳು. ಕೊಟ್ಟೂರಿನ ಈ ಬ್ಯಾಂಕ್ ಶಾಖೆಯಲ್ಲಿ ತಿಂಗಳಿಂದ ಬೀಡುಬಿಟ್ಟಿದ್ದು ಇದಕ್ಕಾಗಿಯೇ. ಹಗರಿಬೊಮ್ಮನಹಳ್ಳಿಯ ಹುಡುಗಿ, ಕಂಪ್ಯೂಟರ್ ವಿಜ್ಞಾನದ ಸಂಶೋಧಕಿ. ಫೋನಿನಲ್ಲಿ ಹೆದರಿಸಿ ಜನರ ದುಡ್ಡು ನುಂಗುವ ಕಳ್ಳರಿದ್ದಾರಲ್ಲ, ಅವರ ಬಲೆಗೆ ಬಿದ್ದವರನ್ನು ಕೌಂಟರಿನಲ್ಲೇ ಗುರುತಿಸುವ ತಂತ್ರಾಂಶ ಅವಳದು. ಖಾತೆಯ ವ್ಯವಹಾರವನ್ನೂ ಕ್ಯಾಮೆರಾದಲ್ಲಿ ಕಾಣುವ ಮುಖವನ್ನೂ ಒಟ್ಟಿಗೆ ನೋಡಿ ಅದು ತೀರ್ಮಾನ ಹೇಳುತ್ತಿತ್ತು. ಇವತ್ತಿನ ತೀರ್ಮಾನ: ಈ ಗ್ರಾಹಕರು ಯಾರಿಗೋ ಹೆದರಿದ್ದಾರೆ.

ಕೌಂಟರಿನ ಮುಂದೆ ನಿಂತಿದ್ದವರು ತಿಪ್ಪೇರುದ್ರಮ್ಮ. ಗಂಡ ತೀರಿಕೊಂಡ, ವಯಸ್ಸಾದ ಹೆಂಗಸು. ತವರಿನವರು ಕೊಟ್ಟ ಜಾಗ ಮಾರಿ ಇಟ್ಟಿದ್ದ ಠೇವಣಿಯನ್ನು ಪೂರ್ತಿ ಮುರಿಸಿ, ಹರಪನಹಳ್ಳಿಯ ಯಾವುದೋ ಹೆಂಗಸಿನ ಖಾತೆಗೆ ಈಗಿಂದೀಗಲೇ ಹಾಕಬೇಕಂತೆ. ಆ ಖಾತೆ ತೆರೆದು ವಾರವೂ ಆಗಿಲ್ಲ. ಹಲ್ಲುನೋವಿನವರು ಕೆನ್ನೆ ಹಿಡಿಯುವ ಹಾಗೆ ಸೆರಗಿನೊಳಗೆ ಫೋನು ಹಿಡಿದಿದ್ದಾರೆ. ಕಣ್ಣು ಮಾತ್ರ ಬಾಗಿಲ ಮೇಲೆ. ಇನ್ನೇನು ಬೇಕು? ಕಳ್ಳರು ದುಡ್ಡು ಸಾಗಿಸಲು ಬಳಸುವ ಬಾಡಿಗೆ ಖಾತೆ ಅಂದರೆ ಹೀಗೇ ಇರುತ್ತದೆ.

ಸರ್ವರ್ ಇಲ್ಲ ಎಂದು ಹೇಳಿ ಕೂರಿಸಿರೆಂದು ಗೀತಾಂಜಲಿ ಗುಮಾಸ್ತನಿಗೆ ಸನ್ನೆ ಮಾಡಿದಳು. ಅವನಿಗೇನು ಕಷ್ಟ! ದಿನಾ ಹೇಳುವ ಮಾತು ಇವತ್ತೊಂದು ದಿನ ಪುಣ್ಯದ ಕೆಲಸಕ್ಕೆ ಬಂತು.

ಅಷ್ಟರಲ್ಲಿ ತಂತ್ರಾಂಶ ತನ್ನ ಇನ್ನೊಂದು ಕೆಲಸವನ್ನೂ ಮುಗಿಸಿತ್ತು. ಗ್ರಾಹಕರೆಲ್ಲರಿಂದ ಒಬ್ಬ ಆಪ್ತರ ನಂಬರು ಬರೆಸಿಕೊಂಡಿದ್ದರು. ಅಪಾಯದ ವಾಸನೆ ಬಂದರೆ ಆ ನಂಬರಿಗೆ ತಾನಾಗಿಯೇ ಸಂದೇಶ ಹೋಗುತ್ತಿತ್ತು. ತಿಪ್ಪೇರುದ್ರಮ್ಮ ಬರೆಸಿದ್ದು ಮಗನ ನಂಬರು. ಮತ್ತೆ ಯಾರದ್ದು ಬರೆಸುತ್ತಾರೆ? ಈ ಉಪಾಯ ಗೀತಾಂಜಲಿಯದೇ, ಅದರ ಮೇಲೆ ಅವಳಿಗೆ ಬಲು ಹೆಮ್ಮೆ. ತಂಬ್ರಹಳ್ಳಿಯ ಚಿಕ್ಕಮ್ಮ ಅನ್ನದಾನಮ್ಮ ಇಂಥದೇ ಒಂದು ಕರೆಗೆ ಹೆದರಿ, ಯಾರಿಗೂ ಬಾಯಿ ಬಿಡದೆ ಇದ್ದದ್ದನ್ನೆಲ್ಲ ಕಳಕೊಂಡು ಹಾಸಿಗೆ ಹಿಡಿದಿದ್ದಳು. ಮನೆಯವರಿಗೆ ಒಂದು ಮಾತು ತಿಳಿದಿದ್ದರೆ ಸಾಕಿತ್ತು ಎನ್ನುವ ಸಂಕಟ ಗೀತಾಂಜಲಿಯನ್ನು ಇನ್ನೂ ತಿನ್ನುತ್ತಿತ್ತು.

ಮ್ಯಾನೇಜರ್ ಪಂಚಾಕ್ಷರಪ್ಪ ತಿಪ್ಪೇರುದ್ರಮ್ಮನನ್ನು ಒಳಗೆ ಕರೆದು ಕೂರಿಸಿದರು. ಹೂವಿನಹಡಗಲಿಯಿಂದ ಈಚೆಗೆ ವರ್ಗವಾಗಿ ಬಂದವರು, ಊರಿನವರ ಪರಿಚಯ ಕಡಿಮೆ. ಫೋನಿನಲ್ಲಿ ಯಾರು ಎಂದು ಕೇಳಿದರೆ ಯಾರೂ ಇಲ್ಲ ಎಂಬ ಉತ್ತರ. ಸೆರಗಿನೊಳಗಿಂದ ಮಾತ್ರ ಹೆಣ್ಣುದನಿಯೊಂದು ಜಲ್ದಿ, ಜಲ್ದಿ ಎನ್ನುತ್ತಿತ್ತು. ಆ ಖಾತೆ ಯಾರದು ಎಂದರೆ, ನನಗೆ ಬೇಕಾದವಳದು ಎಂದರು, ಅಷ್ಟೇ.

ಗೀತಾಂಜಲಿ ಪಕ್ಕದಲ್ಲಿ ಕೂತಳು. "ಅಮ್ಮ, ಯಾರಾರ ಹೆದರಿಸ್ಯಾರೇನು? ನಮ್ಮ ಮುಂದ ಹೇಳ್ರಿ."

ಮುದುಕಿ ಬಾಯಿ ತೆರೆದರು. ಹೇಳಿಯೇಬಿಡುತ್ತಾರೆ ಅನಿಸಿತು. ಆದರೆ ಮನೆತನಸ್ಥರ ಮನೆಯ ಹೆಂಗಸು, ಮಾತು ನುಂಗಿಕೊಂಡರು.

"ನನ್ನ ದುಡ್ಡು ಐತಿ ಯವ್ವ, ನಾ ಹೇಳಿದಲ್ಲಿ ಹಾಕ್ರಿ. ಬಸ್ಸಿಗೆ ಹೊತ್ತಾತು. ಮನಿಗೆ ಮಾತ್ರ ಸುದ್ದಿ ಮುಟ್ಟಿಸಬ್ಯಾಡ್ರಿ."

ಮನೆಯವರಿಗೆ ಹೇಳಬೇಡ ಎನ್ನುವುದೇ ಆ ಕಳ್ಳರು ಕಲಿಸುವ ಮೊದಲ ಪಾಠ.

ಪಂಚಾಕ್ಷರಪ್ಪ ಚಡಪಡಿಸುತ್ತಿದ್ದರು. ಆಕೆಯ ದುಡ್ಡು ಆಕೆಗೆ ಕೊಡಲಿಲ್ಲವೆಂದು ದೂರು ಹೋದರೆ ತಮ್ಮ ಕುತ್ತಿಗೆಗೆ ಬರುತ್ತದೆ, ಎಷ್ಟು ಹೊತ್ತು ತಡೆಯಲಿ ಎಂದು ಗೊಣಗಿದರು. ಇನ್ನೊಂದು ಸ್ವಲ್ಪ ಹೊತ್ತು, ಸಂದೇಶ ನೋಡಿ ಮಗ ಹೊರಟಿದ್ದಾನಂತೆ, ಉತ್ತರ ಬಂದಿದೆ ಎಂದು ಗೀತಾಂಜಲಿ ಪಿಸುದನಿಯಲ್ಲಿ ಅಂಗಲಾಚಿದಳು. ಆಗೋದಿಲ್ಲಮ್ಮ ಎಂದು ಅವರು ಕಂಪ್ಯೂಟರಿನತ್ತ ಕೈ ಚಾಚಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಮಗ ಪ್ರವೀಣಕುಮಾರ್. ಗೊಬ್ಬರದಂಗಡಿಯಿಂದ ಇದ್ದಂತೆಯೇ ಕಾರು ಹತ್ತಿ ಬಂದಿದ್ದ, ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಎಂಥ ವಿನಯ! ಮ್ಯಾನೇಜರ ಎರಡೂ ಕೈ ಹಿಡಿದುಕೊಂಡ. ಅಮ್ಮನಿಗೆ ಈಚೆಗೆ ಬುದ್ಧಿ ಸ್ವಲ್ಪ ಹಿಂದುಮುಂದು, ನೀವು ದೇವರ ಹಾಗೆ ಕಾಪಾಡಿದಿರಿ ಎಂದ. ಮುಂದೆ ಹೀಗಾಗದಂತೆ ಠೇವಣಿಗೆ ತನ್ನ ಹೆಸರನ್ನೂ ಸೇರಿಸಲು ನಾಳೆಯೇ ಬರುವುದಾಗಿ ಹೇಳಿದ. ಜಾಣತನದ ಮಾತು ಎಂದು ಪಂಚಾಕ್ಷರಪ್ಪ ತಲೆದೂಗಿದರು.

"ನಡಿಯಮ್ಮ, ಮನಿಗೆ ಹೋಗೋಣ. ಕುಂತು ಮಾತಾಡೋಣಂತ," ಎಂದು ಅವನು ತಾಯಿಯ ಹೆಗಲ ಮೇಲೆ ಕೈಯಿಟ್ಟ.

ತಿಪ್ಪೇರುದ್ರಮ್ಮ ತಲೆಯೆತ್ತಲಿಲ್ಲ. ಮೋಸ ಹೋದವರಿಗೆ ನಾಚಿಕೆ ಇರುವುದೇ, ಪಾಪ. ಮಗನ ಹಿಂದೆ ಸುಮ್ಮನೆ ನಡೆದರು.

ಗೀತಾಂಜಲಿಗೆ ಕಣ್ಣು ತುಂಬಿ ಬಂತು. ಚಿಕ್ಕಮ್ಮನನ್ನು ಉಳಿಸಲಾಗಲಿಲ್ಲ, ಈ ತಾಯಿ ಉಳಿದಳು. ಕಣ್ಣೊರೆಸಿಕೊಂಡು ನೋಡಿದರೆ ಕುರ್ಚಿಯ ಸಂದಿಯಲ್ಲಿ ಮುದುಕಿಯ ಫೋನು. ಮಗ ಬಂದ ಗಾಬರಿಯಲ್ಲಿ ಅಲ್ಲೇ ತುರುಕಿ ಎದ್ದಿದ್ದರು. ಕರೆ ಇನ್ನೂ ಕಟ್ಟಾಗಿರಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು. ಫೋನು ಕಿವಿಗಿಟ್ಟು, ನಿಮ್ಮಂಥವರ ಆಟ ಇಲ್ಲಿ ನಡೆಯುವುದಿಲ್ಲ, ಆಕೆಯ ಮಗ ಬಂದು ಕರಕೊಂಡು ಹೋದ, ಈಗ ಪೊಲೀಸರಿಗೆ ಹೇಳುತ್ತೇನೆ ಎಂದು ಬಾಯಿಗೆ ಬಂದಂತೆ ಬೈದಳು.

ಆ ಕಡೆಯಿಂದ ಅದೇ ಹೆಣ್ಣುದನಿ ಕೂಗಿತು.

"ಹೇಳ್ರಿ ಅಕ್ಕಾರ, ಪೊಲೀಸರಿಗೆ ಈಗ್ಲೇ ಹೇಳ್ರಿ. ನಾನು ಆಕಿ ಮಗಳು, ಆ ಖಾತೆ ನಂದು. ಆ ದುಡ್ಡಿನ ಸಲುವಾಗಿ ಅಮ್ಮನ್ನ ಹೊಡಿಯೋನು ಅವನೇ."